ಡಬ್ಬಿಯೊಳಗಿಂದು ಜೂಸಲ್ಲ, ವೈನಿ

ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರದಾಗ ಬೆಲ್ಲದ ಹದ ಕೇಳಿ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲ ಅಡಗಿ ಇಲ್ಲ, ಜಗಳ ಅದ. ಯಾರ ಜೋಡಿ ಅಂದ್ರ, ಒಂದು ಮಾತಿನ ಜೋಡಿ. “ಅಯ್ಯ, ಅದೇನ್ ದಾರೂ ಅಲ್ಲ ಬಿಡವಾ, ಜೂಸ್ ಇದ್ದಂಗ ಅದ” ಅನ್ನೋ ಮಾತು. ಒಂದ ವರ್ಷದಾಗ ಈ ಮಾತು ನನ್ನ ಕಿವಿಗೆ ಮೂರು ಕಡೆ ಬಿತ್ತು. ಒಮ್ಮೆ ಬೆಂಗಳೂರಾಗ ನಮ್ಮ ಅಕ್ಕನ ಮಗಳ ಹೊಸಾ ಫ್ಲ್ಯಾಟಿನಾಗ, ಒಮ್ಮೆ ನಮ್ಮ ಓಣಿಯ ಭಿಶಿ ಪಾರ್ಟಿಯೊಳಗ, ಇನ್ನೊಮ್ಮೆ ಅಮೆರಿಕಾದಿಂದ ಬಂದ ಫೋನಿನಾಗ. ಹೇಳಿದವರು ಮೂರೂ ಮಂದಿ ನನಗ ಬೇಕಾದವರ, ಒಬ್ಬರೂ ದಡ್ಡರಲ್ಲ. ಅದಕ್ಕ ಬರೀಲೇಬೇಕು ಅನಿಸ್ತು.

ನೋಡದವರಿಗೆ ಮೊದಲು ಹೇಳಿಬಿಡ್ತೀನಿ. ಇದು ಕೋಲಾ ಡಬ್ಬಿಗಿಂತ ಸ್ವಲ್ಪ ಸಪೂರ, ಉದ್ದ ಡಬ್ಬಿ. ಗುಲಾಬಿ, ತಿಳಿ ಹಸಿರು, ಕಿತ್ತಳಿ ಬಣ್ಣ. ಮ್ಯಾಲೆ ನಿಂಬಿಹಣ್ಣಿನ ಹೋಳು, ಪುದೀನಾ ಎಲಿ, ಇಲ್ಲಾ ಕಲ್ಲಂಗಡಿ ಚಿತ್ರ. ಒಳಗ ವೊಡ್ಕಾನೋ ಜಿನ್ನೋ ರಮ್ಮೋ, ಅದರ ಜೋಡಿ ಸೋಡಾ, ಹಣ್ಣಿನ ವಾಸನಿ, ಸಕ್ಕರಿ, ಎಲ್ಲಾ ಕಾರ್ಖಾನಿಯೊಳಗ ಮೊದಲ ಕಲಸಿ ತುಂಬಿರ್ತಾರ. ಕೆಲವೊಂದರಾಗ ಬ್ಯಾರೆ ದಾರೂ ಹಾಕೂದಿಲ್ಲ, ಸಕ್ಕರಿ ನೀರನ್ನ ಹುಳಿ ಬರಿಸಿ ಅದರಾಗಿಂದನ ಆಲ್ಕೋಹಾಲ್ ತೆಗೆದಿರ್ತಾರ. ‘ರೆಡಿ ಟು ಡ್ರಿಂಕ್’ ಅಂತಾರ ಇದಕ್ಕ. ಗ್ಲಾಸ್ ಬ್ಯಾಡ, ಐಸ್ ಬ್ಯಾಡ, ಅಳತಿ ಬ್ಯಾಡ. ಟಪ್ ಅಂತ ತೆಗೆದು ಕುಡಿಯೂದು.

ನನ್ನ ಜಗಳ ಯಾವುದಲ್ಲ ಅನ್ನೂದನ್ನ ಮೊದಲ ಹೇಳ್ತೀನಿ, ಇಲ್ಲಾಂದ್ರ ಅರ್ಧ ಮಂದಿ ಇಲ್ಲೇ ಓದೂದು ಬಿಡ್ತೀರಿ. “ಹೆಣ್ಮಕ್ಕಳು ಕುಡಿಯೂದಂದ್ರೇನು, ಕಾಲ ಕೆಟ್ಟದ” ಅನ್ನೋ ಹಿರಿಯರ ಸಾಲಿನಾಗ ನಾ ನಿಂತಿಲ್ಲ. ಆ ಸಾಲಿನಾಗ ನಿಂತವರನ್ನ ನಾ ಛಲೋ ನೋಡೀನಿ. ಅಳಿಯ ಬಂದಾಗ ಮಾಳಿಗಿ ಮ್ಯಾಲೆ ಚಾಪಿ ಹಾಸಿ, ಕೆಳಗಿಂದ ನಮ್ಮ ಕಡೆ ಶೇಂಗಾ ಹುರಿಸಿಕೊಂಡು, ಉಳ್ಳಾಗಡ್ಡಿ ಹೆಚ್ಚಿಸಿಕೊಂಡು, “ಒಂದ ಸಣ್ಣ ಪೆಗ್ಗ ಅಷ್ಟ” ಅಂತ ನಡುರಾತ್ರಿ ತನಕಾ ಕೂತವರ ಅವರು. ಅವರಿಗೆ ಅದು ‘ಸ್ವಲ್ಪ ತಗೊಳ್ಳೂದು’, ಅವರ ಸೊಸಿ ಕೈಯಾಗ ಡಬ್ಬಿ ಕಂಡ್ರ ಮನಿ ಮರ್ಯಾದಿ. ಈ ಲೆಕ್ಕ ನನಗ ಒಪ್ಪಿಗಿ ಇಲ್ಲ. ಡಬ್ಬಿಯೊಳಗಿಂದು ಯಾರ ಹೊಟ್ಟಿಗೆ ಹೋದ್ರೂ ಅದರ ಕೆಲಸಾ ಅದು ಮಾಡ್ತದ, ಮೀಸಿ ನೋಡಿ ಬಿಡೂದಿಲ್ಲ.

ನನ್ನ ಜಗಳ ಇರೂದು ಸುಳ್ಳಿನ ಮ್ಯಾಲೆ. ಶೆರೆ ಕುಡಿಯೋರು ಶೆರೆ ಅಂತ ಗೊತ್ತಿದ್ದು ಕುಡೀಲಿ, ಅದು ಅವರವರ ತೆಲಿ. ಆದ್ರ ಇದನ್ನ ಶರಬತ್ತಿನ ಅಂಗಿ ತೊಡಿಸಿ, “ಲೈಟ್ ಅದ”, “ಲೇಡೀಸ್ ಡ್ರಿಂಕ್”, “ನಿಮ್ಮಂಥವರಿಗಂತನ ಮಾಡ್ಯಾರ” ಅಂತ ನಮ್ಮ ಕೈಯಾಗ ಹಿಡಿಸೂದದಲ್ಲ, ಅದಕ್ಕ ನನಗ ಮೈ ಉರೀತದ.

ಲೈಟ್ ಅಂದ್ರ ಎಷ್ಟು ಲೈಟ್? ನಾ ಪಿಯುಸಿ ತನಕಾ ಅಷ್ಟ ಓದಿದಾಕಿ. ಆದ್ರ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಭಿಶಿ ಲೆಕ್ಕ ಇಷ್ಟ ವರ್ಷ ತಪ್ಪದ ಬರದೀನಿ. ಆ ಲೆಕ್ಕದಾಗನ ಇದನ್ನೂ ಹಾಕೂಣು. ಅಕ್ಕನ ಮಗಳ ಮನಿಯೊಳಗ ಒಂದು ಖಾಲಿ ಡಬ್ಬಿ ತಗೊಂಡು, ಕನ್ನಡಕ ಹಾಕ್ಕೊಂಡು ನೋಡ್ದೆ. ಚಿತ್ರ ಅಂಗೈಯಷ್ಟು, ಅಕ್ಷರ ಇರಿವಿಯಷ್ಟು. 330 ಎಂ.ಎಲ್., ಆಲ್ಕೋಹಾಲ್ 5 ಪರ್ಸೆಂಟ್. ಅಂದ್ರ 330ಕ್ಕ 5ರಿಂದ ಗುಣಿಸಿ 100ರಿಂದ ಭಾಗಿಸಿದ್ರ 16.5 ಎಂ.ಎಲ್. ಶುದ್ಧ ಆಲ್ಕೋಹಾಲ್. ಕೆಮ್ಮಿನ ಔಷಧದ ಜೋಡಿ 10 ಎಂ.ಎಲ್.ದು ಸಣ್ಣ ಪ್ಲಾಸ್ಟಿಕ್ ಕಪ್ ಬರ್ತದಲ್ಲ, ಅದು ಒಂದು ಪೂರ್ತಿ, ಮತ್ತ ಅರ್ಧಕ್ಕಿಂತ ಹೆಚ್ಚು.

ಇನ್ನ ಮಾಳಿಗಿ ಮ್ಯಾಲಿನ ಲೆಕ್ಕ ನೋಡ್ರಿ. ನಮ್ಮ ದೇಶದಾಗ ಮಾಡೋ ವಿಸ್ಕಿ, ರಮ್ಮು ಸಾಧಾರಣ 42.8 ಪರ್ಸೆಂಟ್ ಇರ್ತಾವ, ಬಾಟ್ಲಿ ಮ್ಯಾಲೆ ಬರದಿರ್ತದ. ಸಣ್ಣ ಪೆಗ್ ಅಂದ್ರ 30 ಎಂ.ಎಲ್. ಅದರಾಗ ಶುದ್ಧ ಆಲ್ಕೋಹಾಲ್ 12.8 ಎಂ.ಎಲ್. ಚಿಲ್ಲರೆ. ತಿಳೀತಲ್ಲ? ಗಂಡಸರ ‘ಒಂದ ಸಣ್ಣ ಪೆಗ್’ಗಿಂತ ನಮ್ಮ ಗುಲಾಬಿ ಡಬ್ಬಿಯೊಳಗ ಹೆಚ್ಚಿಂದ ಅದ! ಎರಡು ಡಬ್ಬಿ ಕುಡದ್ರ 33 ಎಂ.ಎಲ್., ಅಂದ್ರ 60ರ ದೊಡ್ಡ ಪೆಗ್ಗನ್ನೂ ದಾಟಿತು. ಭಿಶಿ ಪಾರ್ಟಿಯೊಳಗ ಈ ಲೆಕ್ಕ ಹೇಳಿದ್ದಕ್ಕ ವೈನಿ ನಕ್ಕು, “ನೀರು ಎಷ್ಟ ಕೂಡಿರ್ತದ ನೋಡು ಅದರಾಗ” ಅಂದ್ರು. ಕೂಡಿರ್ತದರೀ. ಒಂದು ಚಮಚ ಉಪ್ಪನ್ನ ತಂಬಿಗಿ ನೀರಿಗೆ ಹಾಕಿದ್ರ ಸಪ್ಪಗ ಅನಸ್ತದ. ತಂಬಿಗಿ ಪೂರ್ತಿ ಕುಡದ್ರ ಹೊಟ್ಟಿಯೊಳಗ ಹೋಗೂದು ಅದ ಒಂದು ಚಮಚ ಉಪ್ಪ.

‘ರೆಡಿ ಟು ಡ್ರಿಂಕ್’ ಅನ್ನೂದು ಏನೋ ಹೊಸಾ ನಾಗರಿಕತಾ ಅನ್ನೋಹಂಗ ಮಾತಾಡ್ತಾರ. ನಮಗೇನ್ ಹೊಸದು ಇದು? ಸಾರಾಯಿ ಪಾಕೀಟು ಏನಿತ್ತು ಮತ್ತ? ಹಲ್ಲಿನಿಂದ ಮೂಲಿ ಹರಿದು ಬಾಯಿಗೆ ಹಿಂಡ್ಕೊಳ್ಳೂದು. ಗ್ಲಾಸ್ ಬ್ಯಾಡ, ಅಳತಿ ಬ್ಯಾಡ. ಎಷ್ಟ ಮನಿ ಹಾಳಾದ್ವು ಅದರಿಂದ ಅನ್ನೂದು ನಮ್ಮ ಮನಿಗೆ ಭಾಂಡೆ ತಿಕ್ಕಲಿಕ್ಕೆ ಬರೋ ಹೆಣ್ಮಕ್ಕಳನ್ನ ಕೇಳಿದ್ರ ಹೇಳ್ತಾರ. 2007ರ ಜುಲೈ 1ಕ್ಕ ನಮ್ಮ ರಾಜ್ಯದಾಗ ಸಾರಾಯಿ ಬಂದಾತು. ಅದರ ಜಾಗಾಕ್ಕ ಸೋವಿ ವಿಸ್ಕಿ, ರಮ್ಮಿನ 90 ಎಂ.ಎಲ್. ಟೆಟ್ರಾ ಪಾಕೀಟು ಬಂತು. 2019ರ ಜನವರಿಯೊಳಗ ಹಳ್ಳಿ ಹೆಣ್ಮಕ್ಕಳು ಸಾವಿರಗಟ್ಟಲೆ ಚಿತ್ರದುರ್ಗದಿಂದ ಬೆಂಗಳೂರ ತನಕಾ ನಡಕೊಂಡು ಹೋದ್ರಲ್ಲ, “ನಮ್ಮೂರಾಗ ದಾರೂ ಬಂದ್ ಮಾಡ್ರಿ” ಅಂತ, ನೆನಪದನು? ಕಾಲಾಗ ಬೊಕ್ಕಿ ಎದ್ದವರ ಚಿತ್ರ ಪೇಪರಿನಾಗ ನೋಡಿ ನಾವೆಲ್ಲಾ ಅಯ್ಯೋ ಪಾಪ ಅಂದಿದ್ವಿ.

ಆ 90ರ ಪಾಕೀಟಿನಾಗ ಶುದ್ಧ ಆಲ್ಕೋಹಾಲ್ 38.5 ಎಂ.ಎಲ್. ಅಂದ್ರ ಎರಡೂಕಾಲು ಡಬ್ಬಿ, ಮ್ಯಾಲೆ ಒಂದ ಗುಟುಕು. ಭಿಶಿಯೊಳಗ ನಕ್ಕೋತ ಎರಡು ಮುಗಿಸಿ ಮೂರನೇದಕ್ಕ ಕೈ ಹಾಕಿದಾಕಿ, ಗೌಂಡಿ ಕೆಲಸಾ ಮುಗಿಸಿ ಪಾಕೀಟು ಹರಿದಾಂವ, ಇಬ್ಬರೂ ಕುಡದದ್ದು ಹೆಚ್ಚುಕಮ್ಮಿ ಒಂದ ಅಳತಿ. ಅಂವಾ ಕುಡುಕ, ಈಕಿ ಮಾಡರ್ನ್. ಅಂವನ ಹೆಂಡತಿ ಬಗ್ಗೆ ನಾವು ಕನಿಕರಾ ಪಡ್ತೀವಿ, ಈಕಿ ಫೋಟೋಕ್ಕ ಹಾರ್ಟ್ ಒತ್ತತೀವಿ. ಅಂವ ಕುಡದದ್ದಕ್ಕ ಯಾರೂ ಜೂಸ್ ಅಂತ ಹೆಸರಿಡೂದಿಲ್ಲ, ಅಷ್ಟ ಫರಕು.

ಹೆಸರಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಮೊಹಿತೊ ಅನ್ನೂದು ಕ್ಯೂಬಾ ದೇಶದ ಕುಡಿಯೂ ಪದಾರ್ಥ. ರಮ್, ನಿಂಬಿರಸ, ಪುದೀನಾ, ಸಕ್ಕರಿ, ಸೋಡಾ. ನಮ್ಮ ಹುಬ್ಬಳ್ಳಿ-ಧಾರವಾಡದ ಶುದ್ಧ ಶಾಕಾಹಾರಿ ಹೋಟೆಲ್ಲಿನಾಗೂ ಈಗ ಮೊಹಿತೊ ಸಿಗ್ತದ, ರಮ್ ಇಲ್ಲದ್ದು. ಮದಿವಿ ಮನಿಯ ವೆಲ್‌ಕಮ್ ಡ್ರಿಂಕಿನಾಗೂ ಅದ. ನಮ್ಮ ಮಕ್ಕಳು, ಮೊಮ್ಮಕ್ಕಳು ಮೊಹಿತೊ ಅಂದ್ರ ಪುದೀನಾ ಹಾಕಿದ ನಿಂಬು ಸೋಡಾ ಅಂತನ ಕಲತಾವ. ತಪ್ಪಿಲ್ಲ ಅವರದು. ಹಿಂಗ ಹತ್ತು ವರ್ಷ ಮೊಹಿತೊ ಅಂದ್ರ ಶರಬತ್ತು ಅಂತ ನಾಲಿಗಿಗೆ ರೂಢಿ ಮಾಡಿಸಿ, ಆಮ್ಯಾಲೆ ಅದ ಹೆಸರಿನ, ಅದ ಎಲಿ ಚಿತ್ರದ ಡಬ್ಬಿಯೊಳಗ ಆಲ್ಕೋಹಾಲ್ ಹಾಕಿ ಇಟ್ರ? ಅಕ್ಕನ ಮಗಳ ಫ್ರಿಜ್ಜಿನಾಗ ಆ ಡಬ್ಬಿ ಎಲ್ಲಿತ್ತು ಗೊತ್ತದನು? ಮಗನ ಮಾವಿನ ಜೂಸಿನ ಡಬ್ಬಿ ಬಾಜೂಕ. ಹುಡುಗಗ ಒಂಬತ್ತು ವರ್ಷ. ಫ್ರಿಜ್ಜಿನ ಬಾಗಲಾ ತೆಗೆದು ತಾನ ತಗೊಂಡು ಕುಡಿಯೂ ವಯಸ್ಸು. ವಿಸ್ಕಿ ಬಾಟ್ಲಿ ಆದ್ರ ಮ್ಯಾಲಿನ ಕಪಾಟಿನಾಗ ಬೀಗ ಹಾಕಿ ಇಡ್ತಿದ್ಲು. ಜೂಸು ಅಂತ ತಾನೂ ನಂಬಿದ್ದಕ್ಕ ಜೂಸಿನ ಜಾಗಾದಾಗ ಇಟ್ಟಾಳ. ಸುಳ್ಳು ಹೆಸರು ಮಾಡೂ ಕೆಲಸಾ ಇದು.

ರುಚಿ ನೋಡದ ಮಾತಾಡ್ಲಿಕ್ಕೆ ಹತ್ಯಾಳ ಅನ್ನಬ್ಯಾಡ್ರಿ. ನೋಡೀನಿ. ಸ್ಟೀಲ್ ವಾಟಿಯೊಳಗ ಎರಡು ಚಮಚ ಹಾಕಿಸ್ಕೊಂಡು, ನಾಲಿಗಿ ಮ್ಯಾಲೆ ಇಟ್ಕೊಂಡು ನೋಡಿದೆ. ರುಚಿ ಛಲೋ ಇತ್ತು, ಸುಳ್ಳ ಯಾಕ ಹೇಳ್ಲಿ? ಥಣ್ಣಗ, ಸಿಹಿ-ಹುಳಿ, ನಾಲಿಗಿ ಮ್ಯಾಲೆ ಚುರುಚುರು. ನುಂಗಿದ ಮ್ಯಾಲೆ ಗಂಟಲದಾಗ ಒಂದು ಕಹಿ ಎಳಿ ಬಂತು, ಅದೂ ಲಗೂನ ಹೋತು. ಆಮ್ಯಾಲೆ ಅದನ್ನ ವಾಟಿಯೊಳಗ ಒಂದು ತಾಸು ಬಿಟ್ಟೆ. ಗ್ಯಾಸ್ ಹೋಗಿ, ಥಂಡಿ ಹೋಗಿ ಉಗುರುಬೆಚ್ಚಗ ಆದ ಮ್ಯಾಲೆ ಮತ್ತ ಮೂಗಿನ ಹತ್ರ ಹಿಡದ್ರ ಸ್ಪಿರಿಟ್ ವಾಸನಿ, ಇಂಜೆಕ್ಷನ್ ಮಾಡೂ ಮೊದಲ ಹಚ್ಚತಾರಲ್ಲ, ಅದ. ನೀವೂ ಮಾಡಿ ನೋಡ್ರಿ ಬೇಕಾದ್ರ. ಥಂಡಿ, ಸಿಹಿ, ಗ್ಯಾಸು ಮೂರೂ ಕೂಡಿ ನಾಲಿಗಿ ಕಣ್ಣು ಕಟ್ಟತಾವ. ಬರೀ ವಿಸ್ಕಿ ಮೊದಲನೇ ಸಲ ಬಾಯಾಗ ಹಾಕಿದವರು ಮಾರಿ ಕಿವುಚಿ ಉಗುಳ್ತಾರ, ಅದು ದೇವರು ಕೊಟ್ಟ ಕಾವಲು. ಆ ಕಾವಲುಗಾರನ್ನ ಮಲಗಿಸಿ ಒಳಗ ಹೋಗೂ ಉಪಾಯ ಇದು. ಕಹಿ ಗುಳಿಗಿಗೆ ಸಕ್ಕರಿ ಪಾಕ ಬಳದಂಗ. ಆದ್ರ ಗುಳಿಗಿ ಬ್ಯಾನಿ ಕಳೀಲಿಕ್ಕೆ ಇರ್ತದ.

ಇನ್ನೊಂದು ಮಾತು, ಅಡಗಿ ಮನಿ ಹೆಣ್ಮಕ್ಕಳಿಗೆ ಅಷ್ಟ ಹೊಳಿಯೂದು. ಡಬ್ಬಿಗೆ ಮುಚ್ಚಳ ಇಲ್ಲ. ಬಾಟ್ಲಿ ಆದ್ರ ಅರ್ಧ ಸುರಿವಿ ಬಿರಡಿ ಹಾಕಿ ಇಡಬಹುದು. ಇದನ್ನ ಒಮ್ಮೆ ಟಪ್ ಅನಿಸಿದ್ರ ಮುಗೀತು. ಬಿಟ್ರ ಗ್ಯಾಸ್ ಹೋಗ್ತದ, ರೊಕ್ಕಾ ಹಾಳು. ಚಲ್ಲಲಿಕ್ಕೆ ನಮ್ಮ ಕೈ ಬರ್ತದನು? ತಾಟಿನಾಗಿನ ಅನ್ನ ಚಲ್ಲಬಾರದು ಅಂತ ಬೆಳದವರು ನಾವು, ಮಕ್ಕಳು ಬಿಟ್ಟ ಉಪ್ಪಿಟ್ಟು ತಿಂದು ಮೈ ಬೆಳಿಸಿದವರು. “ಅರ್ಧ ಸಾಕು” ಅಂದಾಕಿ ಪೂರ್ತಿ ಮುಗಸ್ತಾಳ. ಎಷ್ಟು ಕುಡೀಬೇಕು ಅನ್ನೂದನ್ನ ಕುಡಿಯೋರಲ್ಲ, ಡಬ್ಬಿ ಮಾಡಿದವರು ನಿಶ್ಚಯ ಮಾಡ್ಯಾರ.

ಆ ಫ್ಲ್ಯಾಟಿನಾಗ ನಡದದ್ದನ್ನ ಈಗ ಹೇಳ್ತೀನಿ. ಯಾರದೂ ಹೆಸರು ಬರಿಯೂದಿಲ್ಲ, ಓದಿದವರಿಗೆ ಗೊತ್ತಾದ್ರ ಅವರೊಳಗ ಇಟ್ಕೋರಿ. ನಮ್ಮ ಬಳಗದ ಒಬ್ಬ ಅಬಚಿ, ಐವತ್ತರ ಮ್ಯಾಲೆ ವಯಸ್ಸು, ಸಕ್ಕರಿ ಬ್ಯಾನಿ ಅದ, ಮುಂಜಾನೆ-ಸಂಜಿಕೆ ಗುಳಿಗಿ. ಸಕ್ಕರಿ ಅಂತ ಜೂಸು, ಐಸ್‌ಕ್ರೀಮು ಯಾವುದೂ ಮುಟ್ಟೂದಿಲ್ಲ ಪಾಪ. ಅವರಿಗೆ ಅಲ್ಲಿದ್ದ ಹುಡುಗಿಯೊಬ್ಬಾಕಿ, “ಅಬಚಿ, ಇದರಾಗ ಸಕ್ಕರಿ ಇಲ್ಲ, ನಿಮಗ ಇದ ಛಲೋ” ಅಂತ ಒಂದು ಡಬ್ಬಿ ಕೊಟ್ಲು. ಎಲ್ಲಾರೂ ಕುಡೀಲಿಕ್ಕೆ ಹತ್ಯಾರ, ತಮಗೊಬ್ಬರಿಗೆ ಬಿಸಿನೀರು. ಯಾರಿಗರೆ ಅನಸ್ತದ, ತಗೊಂಡ್ರು. ಒಂದೂವರಿ ಡಬ್ಬಿ ಆತು. ಸಂಜಿ ಗುಳಿಗಿ ನುಂಗ್ಯಾರ, ಊಟ ಹತ್ತೂವರಿ ಆದ್ರೂ ಬಂದಿಲ್ಲ, ತರಿಸಿದ್ದು ಟ್ರಾಫಿಕ್ಕಿನಾಗ ಸಿಕ್ಕದ. ಅಷ್ಟರಾಗ ಅಬಚಿ ಬೆವರಲಿಕ್ಕೆ ಹತ್ತಿದ್ರು, ಕೈ ನಡುಗಲಿಕ್ಕೆ ಹತ್ತಿತು, ಮಾತು ತೊದಲಿತು. ಎಲ್ಲಾರೂ ಏನ್ ಮಾಡಿದ್ರು ಅಂತೀರಿ? “ಅಬಚಿಗೆ ಏರಿತು, ಅಬಚಿಗೆ ಏರಿತು” ಅಂತ ನಕ್ಕರು. ಒಬ್ಬಂವ ವಿಡಿಯೋ ತೆಗೆದ. ಪುಣ್ಯಾಕ್ಕ ಅವರ ಪರ್ಸಿನಾಗ ಸಕ್ಕರಿ ನೋಡೂ ಮಶೀನ್ ಇರ್ತದ ಅನ್ನೂದು ನನಗ ಗೊತ್ತಿತ್ತು. ಬೆರಳು ಚುಚ್ಚಿ ನೋಡಿದ್ರ 52.

ಆಗ ಯಾರ ಮಾರಿ ಮ್ಯಾಲೂ ನಗಿ ಇರಲಿಲ್ಲ. ಮೂರು ಚಮಚ ಸಕ್ಕರಿ ನೀರಿನಾಗ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತ ನೋಡಿ, ಮತ್ತ ಒಂದೀಟು ಕೊಟ್ಟು, ಅನ್ನ-ಮೊಸರು ಉಣಿಸಿ, ರಾತ್ರಿ ಎರಡರ ತನಕಾ ಬಾಜೂಕ ಕೂತಿದ್ದೆ. ಇದರ ಕಾರಣಾ ಡಾಕ್ಟರ್ ಮರುದಿನ ತಿಳಿಸಿ ಹೇಳಿದ್ರು. ಹೊಟ್ಟಿ ಖಾಲಿ ಇದ್ದಾಗ ನಮ್ಮ ಲಿವರ್ ತಾನು ಕೂಡಿಸಿಟ್ಟ ಸಕ್ಕರಿಯನ್ನ ಸ್ವಲ್ಪ ಸ್ವಲ್ಪ ರಕ್ತಕ್ಕ ಬಿಡ್ತಿರ್ತದ. ಆಲ್ಕೋಹಾಲ್ ಬಂದ್ರ ಲಿವರ್ ಮೊದಲು ಅದನ್ನ ಕರಗಿಸೂ ಕೆಲಸಕ್ಕ ಹತ್ತತದ, ಸಕ್ಕರಿ ಬಿಡೂ ಕೆಲಸಾ ಹಿಂದ ಬೀಳ್ತದ. ಮ್ಯಾಲೆ ಗ್ಲಿಮೆಪಿರೈಡಿನಂಥ ಗುಳಿಗಿನೋ ಇನ್ಸುಲಿನ್ನೋ ರಕ್ತದಾಗಿನ ಸಕ್ಕರಿ ಇಳಿಸಲಿಕ್ಕೆ ಹತ್ತಿರ್ತದ. ಎರಡೂ ಕೂಡಿದ್ರ ಸಕ್ಕರಿ ಧಡಕ್ಕನ ಕೆಳಗ. ಕೆಲವೊಮ್ಮೆ ಕುಡದು ತಾಸುಗಟ್ಟಲೆ ಆದ ಮ್ಯಾಲೆ, ಮಲಗಿದಾಗ ಹಿಂಗಾಗ್ತದಂತ. ಭಯಾ ಅಂದ್ರ, ಸಕ್ಕರಿ ಇಳಿದವರೂ ಕುಡದು ಏರಿದವರೂ ನೋಡ್ಲಿಕ್ಕೆ ಒಂದ ಥರಾ ಕಾಣಸ್ತಾರ. ಬೆವರು, ನಡುಕು, ತೊದಲು ಮಾತು, ತೂರಾಡೂದು. ಕೈಯಾಗ ಡಬ್ಬಿ ಇತ್ತಂದ್ರ ಮಂದಿ ನಗ್ತಾರ, ಮಲಗಿಸಿ ದೀಪ ಆರಿಸ್ತಾರ. ಹಂಗ ಮಲಗಿದವರು ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬಾರದು, ಸೀದಾ ದವಾಖಾನಿಗೆ ಒಯ್ಯಬೇಕು. ನಮ್ಮೊಳಗ ಸಕ್ಕರಿ ಗುಳಿಗಿ, ನಿದ್ದಿ ಗುಳಿಗಿ ತಗೊಳ್ಳದ ಮನಿ ಯಾವುದದ ಹೇಳ್ರಿ? ನಿದ್ದಿ ಗುಳಿಗಿ ಜೋಡಿ ಇದು ಕೂಡಿದ್ರಂತೂ ಉಸಿರಿಗನ ಧಕ್ಕಾ.

ಸಕ್ಕರಿ ಇಲ್ಲ ಅಂದ್ರ ಒಳ್ಳೇದು ಅನ್ನೋ ಲೆಕ್ಕಾನೂ ಖೊಟ್ಟಿ. ಒಂದು ಗ್ರಾಂ ಸಕ್ಕರಿಗೆ 4 ಕ್ಯಾಲೊರಿ, ಒಂದು ಗ್ರಾಂ ಆಲ್ಕೋಹಾಲಿಗೆ 7. ವಜನ ಇಳಿಸಲಿಕ್ಕೆ ಹತ್ತೀನಿ ಅಂತ ಚಹಾದಾಗ ಸಕ್ಕರಿ ಬಿಟ್ಟವರು ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಹೆಂಗ ಹಿಡೀಬೇಕು? ನಾವು ತರೂ ಚೂಡಾದ ಪಾಕೀಟಿನ ಹಿಂದ ಎಣ್ಣಿ ಎಷ್ಟು, ಉಪ್ಪು ಎಷ್ಟು, ಸಕ್ಕರಿ ಎಷ್ಟು ಅಂತ ಪಟ್ಟಿ ಬರೀಲೇಬೇಕು, ಕಾಯಿದೆ ಅದ. ಈ ಡಬ್ಬಿಗೆ ಆ ಕಡ್ಡಾಯ ಇಲ್ಲ. ಆಲ್ಕೋಹಾಲ್ ಎಷ್ಟು ಪರ್ಸೆಂಟ್, ಮತ್ತ ಆರೋಗ್ಯಕ್ಕ ಹಾನಿಕರ, ಕುಡದು ಗಾಡಿ ಹೊಡೀಬ್ಯಾಡ್ರಿ ಅನ್ನೋ ಎಚ್ಚರಿಕಿ ಇದ್ರ ಸಾಕು. ಹತ್ತು ರೂಪಾಯಿ ಚೂಡಾ ಕೊಡೋ ಜವಾಬು ಇಷ್ಟ ತುಟ್ಟಿ ಡಬ್ಬಿ ಕೊಡೂದಿಲ್ಲ ಅಂದ್ರ ಹೆಂಗ?

ಹೆಣ್ಮಕ್ಕಳಿಗಂತ ಮಾಡೀವಿ ಅಂತಾರಲ್ಲ, ಹೆಣ್ಮಕ್ಕಳ ಮೈ ಬಗ್ಗೆ ಮಾತ್ರ ಒಂದ ಅಕ್ಷರ ಹೇಳೂದಿಲ್ಲ. ಒಂದ ತೂಕದ ಗಂಡಸು, ಹೆಂಗಸು ಒಂದ ಅಳತಿ ಕುಡದ್ರ ಹೆಂಗಸಿನ ರಕ್ತದಾಗ ಆಲ್ಕೋಹಾಲ್ ಹೆಚ್ಚು ಏರ್ತದ, ಯಾಕಂದ್ರ ನಮ್ಮ ಮೈಯೊಳಗ ನೀರಿನ ಅಂಶ ಕಡಿಮಿ. ಎದಿ ಕ್ಯಾನ್ಸರ್ ಬರೂ ಕಾರಣಗಳೊಳಗ ಆಲ್ಕೋಹಾಲೂ ಒಂದು, ಕಡಿಮಿ ಕುಡಿಯೋರಿಗೂ ಆ ಅಪಾಯ ಸ್ವಲ್ಪ ಹೆಚ್ಚತದ. ಆಲ್ಕೋಹಾಲನ್ನ ಕ್ಯಾನ್ಸರ್ ತರೂ ವಸ್ತುಗಳ ಮೊದಲನೇ ಸಾಲಿನಾಗ ಜಗತ್ತಿನ ತಜ್ಞರು ಇಟ್ಟು 1988ಕ್ಕನ ಆತು. ತಂಬಾಕೂ ಅದ ಸಾಲಿನಾಗ ಅದ. ಗುಲಾಬಿ ಬಣ್ಣದ ಗುಟಖಾ ಪಾಕೀಟು ತಂದು “ಇದು ಲೇಡೀಸ್ ಗುಟಖಾ” ಅಂದ್ರ ತಗೋತೀರೇನು?

“ದಿನಾ ಸ್ವಲ್ಪ ತಗೊಂಡ್ರ ಹೃದಯಕ್ಕ ಛಲೋ ಅಂತ ಡಾಕ್ಟರ ಹೇಳ್ತಾರ” ಅನ್ನೋರಿಗೆ: ಅದು ಹಳೇ ಮಾತು. ಇಷ್ಟರ ತನಕಾ ಕುಡದ್ರ ಏನೂ ಆಗೂದಿಲ್ಲ ಅನ್ನೋ ಸುರಕ್ಷಿತ ಅಳತಿ ಅನ್ನೂದ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯೊಳಗ ಬಿಚ್ಚಿ ಹೇಳೇದ. ಹೃದಯಕ್ಕ ಛಲೋ ಬೇಕಿದ್ರ ಮುಂಜಾನೆದ್ದು ಕೆರಿ ಸುತ್ತ ನಡೀರಿ.

ಅಮೆರಿಕಾದ ಫೋನಿನ ಮಾತು. ಇದನ್ನ ಬಾಣಂತನಕ್ಕ ಅಂತ ಆರಾರು ತಿಂಗಳು ಅಲ್ಲಿಗೆ ಹೋಗೂ ಅಕ್ಕಂದಿರು ಲಕ್ಷ್ಯ ಕೊಟ್ಟು ಓದ್ರಿ. ಅಲ್ಲಿ ಮಂದಿ ಬರೀ ಗ್ಯಾಸಿನ ನೀರನ್ನೂ ಡಬ್ಬಿಯೊಳಗ ಕುಡೀತಾರ, ನಿಂಬಿ ವಾಸನಿದು, ಹಣ್ಣಿನ ವಾಸನಿದು, ಸಕ್ಕರಿ ಇಲ್ಲ, ಏನೂ ಇಲ್ಲ. ಅದರಂಥಾದ್ದ ಇನ್ನೊಂದು ಡಬ್ಬಿ ಬರ್ತದ, ಹಾರ್ಡ್ ಸೆಲ್ಟ್ಸರ್ ಅಂತ, ಅದರಾಗ ಆಲ್ಕೋಹಾಲ್. ಎರಡೂ ಬಾಜೂ ಬಾಜೂ ಇಟ್ರ ನಮ್ಮಂಥಾ ಕಣ್ಣಿಗೆ ಫರಕ ತಿಳಿಯೂದಿಲ್ಲ. ಅಲ್ಲಿಯ ಡಬ್ಬಿ 355 ಎಂ.ಎಲ್. ಅಲ್ಲಿಯವರು ‘ಒಂದು ಡ್ರಿಂಕ್’ ಅಂತ ಲೆಕ್ಕ ಹಿಡಿಯೂದು 14 ಗ್ರಾಂ ಆಲ್ಕೋಹಾಲಿಗೆ, 5 ಪರ್ಸೆಂಟಿನ ಒಂದು ಡಬ್ಬಿಗೆ ಅದು ಸರಿ ಹೊಂದತದ. ಆದ್ರ ಕಾಕ್‌ಟೇಲ್ ಡಬ್ಬಿಯೊಳಗ 10 ಪರ್ಸೆಂಟಿನವೂ ಅವ. ಆಗ ಕೈಯಾಗ ಡಬ್ಬಿ ಒಂದ, ಹೊಟ್ಟಿಯೊಳಗ ಡ್ರಿಂಕ್ ಎರಡು. “ಒಂದ ಕುಡದೀನಿ ಅತ್ಯಾ” ಅಂತ ಹುಡುಗಿ ಹೇಳೂದು ಸುಳ್ಳಲ್ಲ, ಆದ್ರ ಖರೇನೂ ಅಲ್ಲ. ಆಕಿ ಮೂರು ತಿಂಗಳ ಬಾಣಂತಿ. ತಾಯಿ ರಕ್ತದಾಗ ಎಷ್ಟು ಏರಿರ್ತದೋ ಹೆಚ್ಚುಕಮ್ಮಿ ಅಷ್ಟ ಹಾಲಿನಾಗೂ ಇರ್ತದ. ಹಾಲು ಹಿಂಡಿ ಚಲ್ಲಿದ್ರೂ ಲಗೂ ಇಳಿಯೂದಿಲ್ಲ, ರಕ್ತದಿಂದ ಇಳಿದಂಗ ಹಾಲಿನಿಂದ ಇಳೀತದ. ಅಲ್ಲಿಯ ಸರ್ಕಾರದವರ ಹೇಳಿಕಿ, ಒಂದು ಡ್ರಿಂಕಿಗೆ ಕಡಿಮಿ ಅಂದ್ರೂ ಎರಡು ತಾಸು ತಡದು ಹಾಲು ಕುಡಿಸ್ರಿ ಅಂತ. ಎರಡು ಡ್ರಿಂಕಿನ ಡಬ್ಬಿಗೆ ನಾಲ್ಕು ತಾಸು ಆತು. ಒಂದ ಡಬ್ಬಿ ಅಂತ ಎರಡು ತಾಸಿಗೆ ಕೂಸು ಎದಿಗೆ ಹಾಕ್ಕೊಂಡ್ರ? ಬಾಣಂತಿಗೆ ನಂಜು ಅಂತ ಬದನಿಕಾಯಿ ಬಿಡಿಸಿದವರು ನಾವು, ಇದಕ್ಕ ಬಾಯಿ ಮುಚ್ಕೊಂಡು ಕೂಡಬೇಕಂತ, ಯಾಕಂದ್ರ ಇದು ಜೂಸು.

ನಾ ಒಬ್ಬಾಕಿನ ಕೂಗಾಡ್ಲಿಕ್ಕೆ ಹತ್ತಿಲ್ಲ. ಸಿಹಿ ಡಬ್ಬಿ ಸಣ್ಣ ವಯಸ್ಸಿನವರನ್ನ ಎಳೀತದ ಅಂತ ಆಸ್ಟ್ರೇಲಿಯಾ ಸರ್ಕಾರ 2008ರಾಗ ಇಂಥಾವುಗಳ ಮ್ಯಾಲಿನ ತೆರಿಗಿ 70 ಪರ್ಸೆಂಟ್ ಏರಿಸಿತು. ಜಪಾನಿನಾಗ ಚೂಹೈ ಅಂತ ಹಣ್ಣಿನ ರುಚಿಯ ದಾರೂ ಡಬ್ಬಿ ಓಣಿ ಅಂಗಡಿಯೊಳಗನ ಸಿಗ್ತದ. ಅಲ್ಲಿಯ ಆರೋಗ್ಯ ಖಾತೆಯವರು 2024ರಾಗ ಜನರಿಗೆ ಹೇಳಿದ್ದೇನಂದ್ರ, ಎಷ್ಟು ಡಬ್ಬಿ ಅಂತ ಎಣಿಸಬ್ಯಾಡ್ರಿ, ಎಷ್ಟು ಗ್ರಾಂ ಆಲ್ಕೋಹಾಲ್ ಅಂತ ಎಣಿಸ್ರಿ ಅಂತ. ಹೆಣ್ಮಕ್ಕಳಿಗೆ ದಿನಕ್ಕ 20 ಗ್ರಾಂ, ಗಂಡಸರಿಗೆ 40 ಗ್ರಾಂ ಆತಂದ್ರ ಬ್ಯಾನಿ ಬರೂ ಅಪಾಯ ಏರ್ತದ ಅಂತಾರ. ನಾ ನೋಡಿದ 5 ಪರ್ಸೆಂಟಿನ ಡಬ್ಬಿಯೊಳಗ 13 ಗ್ರಾಂ. ಎರಡನೇದು ಅರ್ಧ ದಾಟೂದಕ್ಕ ನಮ್ಮ ಗೆರಿ ಬಂತು. ಲೆಕ್ಕ ಅಂದ್ರ ಇದು. ಬಣ್ಣಾ ನೋಡೂದಲ್ಲ.

ವೈನಿ ಭಿಶಿಯೊಳಗ ಕಡೀಕ ಒಂದು ಮಾತು ಅಂದ್ರು, ಅದಕ್ಕ ಜವಾಬು ಕೊಡದಿದ್ರ ಅನ್ಯಾಯ ಆಗ್ತದ. “ಜನಮಾ ಪೂರ್ತಿ ಮಂದೀಗೆ ಮಾಡಿ ಬಡಿಸಿದ್ವಿ. ನಾಲ್ಕು ಮಂದಿ ಗೆಳತೇರು ಕೂತು, ಕಾಲು ಚಾಚಿ, ಒಂದೀಟು ನಕ್ಕರ ನಿನಗೇನ ತ್ರಾಸು?” ತ್ರಾಸಿಲ್ಲ ವೈನಿ. ನೀವು ಕಾಲು ಚಾಚಿ ನಗೂದು ನನಗೂ ಬೇಕು, ನಿಮ್ಮ ಬಾಜೂಕ ನನಗೂ ಒಂದು ಚಾಪಿ ಹಾಕ್ರಿ. ಆದ್ರ ನಗಲಿಕ್ಕೆ ಡಬ್ಬಿ ಬೇಕು ಅಂತ ನಿಮಗ ಯಾರ ಹೇಳಿದ್ರು? ಡಬ್ಬಿ ಮಾರೋರ ಹೇಳಿದ್ರು. ಟೀವಿಯೊಳಗ ದಾರೂ ಜಾಹೀರಾತು ಹಾಕೂ ಹಂಗಿಲ್ಲ ಅಂತ ಕಾಯಿದೆ ಅದ. ಅದಕ್ಕ ಅದ ಹೆಸರಿನ ಸೋಡಾ, ಅದ ಹೆಸರಿನ ನೀರು ಅಂತ ತೋರಿಸ್ತಾರ. ಮೊಬೈಲಿನಾಗ ಮನಿಯೊಳಗ ಕೂತು ಡಬ್ಬಿ ತೆಗೆದು, “ವಾವ್, ಎಷ್ಟ ರಿಫ್ರೆಶಿಂಗ್” ಅನ್ನೋ ಹುಡುಗೇರನ್ನ ತೋರಿಸ್ತಾರ. ನಮ್ಮ ದಣಿವಿಗೆ ಹೊಸಾ ಗಿರಾಕಿ ಅಂತ ಹೆಸರಿಟ್ಟಾರ, ಅಷ್ಟ. ಅಲ್ಲಾ, ಇಷ್ಟ ವರ್ಷ ಆ ಅಡಗಿ ಮನಿ ದಣಿವು ಯಾರಿಗೂ ಕಾಣಿಸಿರಲಿಲ್ಲ ನೋಡ್ರಿ. ಗಂಡಂದಿರಿಗೂ ಕಾಣಿಸಲಿಲ್ಲ, ಮಕ್ಕಳಿಗೂ ಕಾಣಿಸಲಿಲ್ಲ. ಕಾಣಿಸಿದ್ದು ಡಬ್ಬಿ ಮಾರೋರಿಗೆ.

ಇಷ್ಟ ಓದಿಯೂ ಯಾರಿಗರೆ ಕುಡಿಯೂದದ ಅಂದ್ರ ಕುಡೀರಿ, ನಾ ಬಾಗಲದಾಗ ಕೋಲು ಹಿಡದು ನಿಂದ್ರೂದಿಲ್ಲ. ಕುಡಿಯೂ ಮೊದಲ ಉಣ್ರಿ. ಗುಳಿಗಿ ಇದ್ದವರು ಡಾಕ್ಟರನ್ನ ಕೇಳ್ರಿ, ಓಣಿ ಹುಡುಗೇರನ್ನಲ್ಲ. ಡಬ್ಬಿ ತಿರುವಿ ಎಂ.ಎಲ್. ಎಷ್ಟು, ಪರ್ಸೆಂಟ್ ಎಷ್ಟು ಓದಿ ಗುಣಿಸ್ರಿ. ಫ್ರಿಜ್ಜಿನಾಗ ಮಕ್ಕಳ ಕೈಗೆ ಸಿಗದಂಗ ಇಡ್ರಿ, ಗಂಡನ ಬಾಟ್ಲಿ ಇಡೂ ಕಪಾಟು ಅದಕ್ಕೂ ಆಗ್ತದ. ಮತ್ತ ಅದನ್ನ ಅದರ ಹೆಸರಿಲೆ ಕರೀರಿ.

ಅಕ್ಕನ ಮಗಳು ಈಗ ಹುಡುಗನ ಜೂಸಿನ ಖಣಾ ಬ್ಯಾರೆ ಮಾಡ್ಯಾಳ. ಬರೂ ತಿಂಗಳ ಆಕಿ ನೆಗೆಣ್ಣಿ ಕುಬಸ ಅದ ಬೆಂಗಳೂರಾಗ. ‘ಮೊಕ್‌ಟೇಲ್ ಕೌಂಟರ್’ ಇಡ್ತಾರಂತ, ಪತ್ರಿಕಾದಾಗನ ಹಾಕ್ಯಾರ. ನಾ ಎರಡು ಬಾಟ್ಲಿ ಕೋಕಂ ಆಗಳ, ಬೆಲ್ಲದ ಪಾನಕಕ್ಕ ಯಾಲಕ್ಕಿ-ಶುಂಠಿ ಪುಡಿ ತಗೊಂಡು ಬರ್ತೀನಿ ಅಂತ ಹೇಳೀನಿ. ಕೌಂಟರಿನ ಹುಡುಗರು ಏನರೆ ಡಬ್ಬಿ ತಂದಿದ್ರ, ಒಡಿಯೂ ಮೊದಲ ಒಂದೊಂದು ನನ್ನ ಕೈಯಾಗ ಕೊಡ್ಲಿಕ್ಕೆ ಹೇಳ್ರಿ. ಕನ್ನಡಕ ಹಾಕ್ಕೊಂಡ ಬರ್ತೀನಿ.